‘ನಡುಮನೆ’ ಬಂದ ಆಷಾಢ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷ ನಾನು ದಿನವೂ ದಿನಚರಿ ಬರೆಯುತ್ತಿದ್ದೆ. ಆದರೆ ಅದರಲ್ಲಿರುವುದಕ್ಕೂ ನನಗೆ ನೆನಪಿರುವುದಕ್ಕೂ ಹಲವು ಕಡೆ ತಾಳೆಯಾಗುವುದಿಲ್ಲ. ನೆನಪಿನಲ್ಲಿ ಬಿಸಿಲಿರುವ ದಿನ ದಿನಚರಿಯಲ್ಲಿ ಜಿಟಿಜಿಟಿ ಮಳೆ. ನೆನಪಿನಲ್ಲಿ ಮೂವರು ನಿಂತಿದ್ದ ಕಡೆ ದಿನಚರಿಯಲ್ಲಿ ಇಬ್ಬರೇ. ಮೊದಲೆಲ್ಲ ಬರೆದಿಟ್ಟದ್ದನ್ನೇ ನಂಬುತ್ತಿದ್ದೆ. ಈಗ ಅದರ ಮೇಲೂ ಅನುಮಾನ. ಇಪ್ಪತ್ತೆರಡು ವರ್ಷದ ಹುಡುಗಿ ದಿನಚರಿಗೆ ಎಲ್ಲವನ್ನೂ ಹೇಳಿರುತ್ತಾಳೆ ಅಂತ ಏನು ಖಾತ್ರಿ?

ಮೊನ್ನೆ ಚಿಕ್ಕಮ್ಮನನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಲ್ಯಾಬಿನ ಹುಡುಗಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅವಳ ತೋಳಿಗೆ ಉಜ್ಜಿದಳು. ಆ ವಾಸನೆ ಮೂಗಿಗೆ ಬಂದಾಗ ನನಗೆ ಯಾವ ಆಸ್ಪತ್ರೆಯೂ ನೆನಪಾಗಲಿಲ್ಲ. ಚಾಮರಾಜಪುರಂನ ರೈಲ್ವೆ ಗೇಟಿನ ಹತ್ತಿರ ಇದ್ದ ಒಂದು ಕ್ಯಾಸೆಟ್ ಅಂಗಡಿ ನೆನಪಾಯಿತು. ಅಂಗಡಿಯ ಲಿಂಗರಾಜಣ್ಣ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು, ಬಾಗಿಲು ತೆಗೆದು, ಮೊದಲು ಮಾಡುತ್ತಿದ್ದ ಕೆಲಸ ಟೇಪ್ ರೆಕಾರ್ಡರಿನಲ್ಲಿ ರೀಲು ತಾಕುವ ಹೆಡ್ಡನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವುದು. ದೇವರ ಪಟಕ್ಕೆ ಊದುಬತ್ತಿ ಆಮೇಲೆ.

ನಾನಾಗ ಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಎಂ.ಎ. ಎರಡನೇ ವರ್ಷ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಸೀಡಿಗಳು ಬಂದಾಗಿತ್ತು, ಕ್ಯಾಸೆಟ್ಟುಗಳು ಇನ್ನೂ ಹೋಗಿರಲಿಲ್ಲ. ಕ್ಲಾಸು ಮುಗಿದ ಮೇಲೆ ಮೂರರಿಂದ ಏಳರವರೆಗೆ ನಾನು ಆ ಅಂಗಡಿಯಲ್ಲಿ ಕೂರುತ್ತಿದ್ದೆ. ಆಷಾಢ ಹುಟ್ಟಿತ್ತು. ಶುಕ್ರವಾರಗಳಲ್ಲಿ ಬೆಟ್ಟಕ್ಕೆ ಹೋಗುವವರು ದೇವಿಯ ಹಾಡುಗಳನ್ನು ಕೇಳಿಕೊಂಡು ಬರುತ್ತಿದ್ದರು. ಉಳಿದ ದಿನಗಳಲ್ಲಿ ಬರೀ ಗಾಳಿ. ಅಂಗಡಿ ಮುಂದಿನ ಹೊಂಗೆ ಮರ ಇಡೀ ಮಧ್ಯಾಹ್ನ ಅಲ್ಲಾಡುತ್ತಲೇ ಇರುತ್ತಿತ್ತು.

ಆ ಆಷಾಢದಲ್ಲೇ ಟಾಂಗಾ ಸೀನನ ಮೂರನೇ ಕ್ಯಾಸೆಟ್ ಬಂತು.

ಟಾಂಗಾ ಸೀನ ನಮ್ಮೂರಿನವನೇ. ಅವನ ಅಪ್ಪ ಟಾಂಗಾ ಓಡಿಸುತ್ತಿದ್ದನಂತೆ, ಅದಕ್ಕೇ ಆ ಹೆಸರು. ಕುದುರೆ ಕಾಲು ಹಾಕುವ ಲಯಕ್ಕೆ ಮಾತು ಕೂರಿಸಿ, ಎಲ್ಲೂ ಉಸಿರು ತೆಗೆದುಕೊಳ್ಳದೆ ರ‍್ಯಾಪ್ ಹೇಳುತ್ತಿದ್ದ. ಬಸ್ ಪಾಸ್ ಕಳೆದುಕೊಂಡವನ ಪಾಡು, ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡವನ ಪಾಡು, ನಾಲ್ಕು ಜನ ಒಂದೇ ಸ್ಕೂಟರಿನಲ್ಲಿ ಹೋಗಿ ಪೊಲೀಸಿಗೆ ಸಿಕ್ಕಿಬಿದ್ದದ್ದು, ಇಂಥವು. ಹಿಂದಿನ ಎರಡು ಕ್ಯಾಸೆಟ್ ಕೇಳಿಸದ ಗಣಪತಿ ಪೆಂಡಾಲ್ ಊರಲ್ಲಿ ಇರಲಿಲ್ಲ. ಕಾಲೇಜ್ ಡೇಗಳಲ್ಲಿ ಹುಡುಗರು ಅವನ ಹಾಡಿಗೆ ಕುಣಿದು ಬೆಂಚು ಮುರಿದಿದ್ದರು.

ಮೂರನೆಯದರ ಹೆಸರು ‘ನಡುಮನೆ’. ಮುಖಪುಟದಲ್ಲಿ ಅವನ ಚಿತ್ರವಿರಲಿಲ್ಲ. ಒಂದು ಖಾಲಿ ಚಾಪೆ, ಅದರ ಮೇಲೆ ಕಿಟಕಿಯ ಸರಳುಗಳ ನೆರಳು, ಅಷ್ಟೇ. ಬಂದ ದಿನವೇ ಎರಡು ಡಬ್ಬ ಖಾಲಿಯಾದವು. ಮಾರನೆಯ ದಿನದಿಂದ ವಾಪಸ್ ಬರಲು ಶುರುವಾದವು.

ಅಂಗಡಿಯಲ್ಲಿ ಕೆಟ್ಟ ಕ್ಯಾಸೆಟ್ಟುಗಳಿಗೆಂದು ಒಂದು ಪುಸ್ತಕವಿತ್ತು. ಏನು ದೋಷವೆಂದು ತಂದವರೇ ಬರೆದು ಸಹಿ ಹಾಕಬೇಕು, ಆಗ ಕಂಪನಿಯವರು ಬದಲಾಯಿಸಿ ಕೊಡುತ್ತಿದ್ದರು. ಸಾಮಾನ್ಯವಾಗಿ ‘ರೀಲ್ ಸಿಕ್ಕಿಕೊಳ್ಳುತ್ತೆ’, ‘ಬಿ ಸೈಡ್ ಕೊರಕೊರ ಅನ್ನುತ್ತೆ’ ಎಂದಷ್ಟೇ ಇರುತ್ತಿತ್ತು. ಆ ವಾರ ಜನ ಬರೆದದ್ದನ್ನು ನಾನು ದಿನಚರಿಯಲ್ಲಿ ನಕಲು ಮಾಡಿಕೊಂಡಿದ್ದೇನೆ: ‘ಟೇಪು ಓಡ್ತದೆ, ಹಾಡು ಬರಲ್ಲ.’ ‘ಸೀನ ನಿಧಾನಕ್ಕೆ ಮಾತಾಡ್ತಾನೆ, ಸ್ಪೀಡ್ ಕಮ್ಮಿ ಆಗಿದೆ.’ ‘ಬೇರೆ ಯಾರದೋ ಮನೆ ಸದ್ದು ಒಳಗೆ ಸೇರ್ಕೊಂಡಿದೆ.’ ‘ನಮ್ಮಜ್ಜಿ ಇದನ್ನ ಮನೇಲಿ ಇಟ್ಕೋಬೇಡ ಅಂದ್ರು.’

ಲಿಂಗರಾಜಣ್ಣ ಮೊದಲು ಇದು ನಿಜವಾಗಿಯೂ ಕಂಪನಿಯ ತಪ್ಪು ಎಂದೇ ನಂಬಿದ. ಬಂದ ಪ್ರತಿ ಕ್ಯಾಸೆಟ್ಟಿಗೂ ಹೆಡ್ ಒರೆಸಿ, ಕಿವಿಯನ್ನು ಸ್ಪೀಕರಿಗೆ ಅಂಟಿಸಿ, ಸಣ್ಣ ಸ್ಕ್ರೂ ಡ್ರೈವರಿನಿಂದ ಹೆಡ್ಡಿನ ತಿರುಪು ತಿರುಗಿಸಿ ತಿರುಗಿಸಿ, ಕೊನೆಗೆ ಅಂಗಡಿಯ ಟೇಪ್ ರೆಕಾರ್ಡರಿನಲ್ಲಿ ಸುಪ್ರಭಾತವೂ ನೀರೊಳಗಿಂದ ಬಂದ ಹಾಗೆ ಕೇಳುವಂತೆ ಮಾಡಿಟ್ಟ.

ಮಾದೇವ ಎಂಬ ಆಟೋ ಡ್ರೈವರ್ ಸೀನನ ಕಟ್ಟಾ ಅಭಿಮಾನಿ. ಬಂದವನೇ ಕ್ಯಾಸೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿದ.

“ಏನ್ ಲಿಂಗರಾಜಣ್ಣ, ಹೋಳಿಗೆ ಊಟಕ್ಕೆ ಕರ್ದು ತಿಥಿ ಊಟ ಬಡ್ಸವ್ನಲ್ಲ ನಿಮ್ ಸೀನ?”

“ನಮ್ ಸೀನ ಯಾವಾಗಾದ? ಹೋದ್ ವರ್ಷ ಆಟೋ ಹಿಂದ್ಗಡೆ ಅವನ ಹೆಸ್ರು ಬರೆಸ್ಕೊಂಡಿದ್ದೋನು ನೀನು.”

“ಅಳ್ಸ್ಬುಟ್ಟೆ ಬುಡಿ. ಬೆಳಿಗ್ಗೆ ಪ್ಯಾಸೆಂಜರ್ ಕೂತಿದ್ರು, ಹಾಕ್ದೆ. ಗಡಿಯಾರ ಟಿಕ್ ಟಿಕ್ ಅಂತದೆ. ಆಯಮ್ಮ ಹಿಂದಿಂದ ‘ಏನಪ್ಪಾ, ಆಟೋಲಿ ಬಾಂಬ್ ಇಟ್ಟಿದೀಯಾ’ ಅಂದ್ಬುಟ್ರು!”

ನಾವೆಲ್ಲ ನಕ್ಕೆವು. ಆ ದಿನದವರೆಗೆ ಅದು ನಗುವ ವಿಷಯವೇ ಆಗಿತ್ತು.

ಗಡಿಯಾರವಿದ್ದದ್ದು ನಾಲ್ಕನೇ ಹಾಡಿನಲ್ಲಿ. ಹಾಡೆಂದರೆ ಹಾಡಲ್ಲ. ಟಿಕ್ ಟಿಕ್, ನಲ್ಲಿಯ ನೀರು ಬಕೆಟ್ಟಿಗೆ ಬೀಳುವುದು, ದೂರದಲ್ಲೊಂದು ರೈಲು. ನಡುನಡುವೆ ಸೀನ ಒಂದೊಂದೇ ಮಾತನ್ನು ತಡವರಿಸಿಕೊಂಡು ಹೇಳುತ್ತಾನೆ. ತನ್ನ ತಾಯಿ ಸತ್ತ ದಿನ ತಾನು ಯಾವುದೋ ಊರಿನ ಸ್ಟೇಜಿನ ಮೇಲೆ ಜನರನ್ನು ಕುಣಿಸುತ್ತಿದ್ದೆ, ಈಗ ಅವಳ ಮುಖ ನೆನಪಿದೆ, ದನಿ ಮರೆತಿದೆ, ಎಂಬ ಅರ್ಥದ ಮಾತುಗಳು. ಆಮೇಲೆ ಪಕ್ಕದ ಕೋಣೆಯಿಂದ ಬಂದ ಹಾಗೆ ಒಬ್ಬ ಹೆಂಗಸು ಕೂಗುತ್ತಾಳೆ: “ಹಾಲು ಇಳಿಸಿದ್ಯೇನೇ?” ಉತ್ತರ ಬರಬೇಕಾದ ಜಾಗದಲ್ಲಿ ಏನೂ ಇಲ್ಲ. ಗಡಿಯಾರವೂ ಇಲ್ಲ. ಬರೀ ಟೇಪು ಸುತ್ತುವ ಸದ್ದು. ನಮಗೆ ‘ಇಷ್ಟು ಹೊತ್ತಾ’ ಅನ್ನಿಸುವಷ್ಟು ಹೊತ್ತು.

ಒಂದು ವಾರ ಬಿಟ್ಟು ಮಾದೇವ ಮತ್ತೆ ಬಂದ. ಈ ಸಲ ಆಟೋವನ್ನು ದೂರ ನಿಲ್ಲಿಸಿ ನಡೆದು ಬಂದ.

“ಅಣ್ಣ, ನನ್ ಕ್ಯಾಸೆಟ್ ವಾಪಸ್ ಕೊಡಿ.”

“ಕಂಪನಿಗೆ ಕಟ್ಟಿಟ್ಟಿದೀನಲ್ಲಪ್ಪ. ತಗೋ, ಹೊಸದೇ ತಗೊಂಡೋಗು.”

“ಹೊಸದು ಬ್ಯಾಡ. ನಂದೇ ಕೊಡಿ.”

“ಎಲ್ಲಾ ಒಂದೇ ಕಣೋ.”

“ಹೊಸದ್ರಲ್ಲಿ ಅವಳು ಇಲ್ದೆ ಹೋದ್ರೆ?” ಎಂದ ಮಾದೇವ.

ಲಿಂಗರಾಜಣ್ಣ ನನ್ನ ಮುಖ ನೋಡಿದ. ಮಾದೇವ ತಲೆ ತಗ್ಗಿಸಿಕೊಂಡು ಹೇಳಿದ, “ಆ ಕೂಗೋದು ನಮ್ಮವ್ವ ಕಣಣ್ಣ. ನಾನು ಎರಡ್ನೇ ಕ್ಲಾಸಲ್ಲಿದ್ದಾಗ ಹೋದ್ಳು. ಅಂಗೇ ಕೂಗೋಳು.” ಕಟ್ಟು ಬಿಚ್ಚಿ ಅವನ ಹೆಸರಿನ ಚೀಟಿಯಿದ್ದ ಕ್ಯಾಸೆಟ್ಟನ್ನು ಹುಡುಕಿ ಕೊಟ್ಟೆವು. ಅಂಗಿಯ ಒಳಜೇಬಿಗೆ ಇಳಿಸಿಕೊಂಡು ಹೋದ.

ಅವನೊಬ್ಬನೇ ಆಗಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಮುಂದಿನ ಹದಿನೈದು ದಿನಗಳಲ್ಲಿ ಅದೇ ಪುಸ್ತಕದಲ್ಲಿ, ತಾವೇ ಬರೆದಿದ್ದ ದೋಷದ ಮೇಲೆ ಗೀಟು ಹಾಕಿ, ‘ದೋಷವಿಲ್ಲ, ವಾಪಸ್ ಪಡೆದಿದ್ದೇನೆ’ ಎಂದು ಜನ ಬರೆದರು. ಹಾಸ್ಟೆಲ್ ಹುಡುಗನೊಬ್ಬ ಅದು ಕಳೆದ ವರ್ಷ ತೀರಿಹೋದ ತನ್ನ ಸೋದರತ್ತೆ ಎಂದ. ನಿವೃತ್ತ ಮೇಡಂ ಒಬ್ಬರು, ಸೀನನ ಒಂದು ಹಾಡನ್ನೂ ಕೇಳದವರು, ಮೊಮ್ಮಗನ ರೂಮಿನಿಂದ ತಮ್ಮ ಓರಗಿತ್ತಿ ಕರೆದರೆಂದು ಹೇಳಿ, ಅಂಗಡಿಗೆ ಬಂದು ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದು ಹೋದರು. ಇಂಟರ್ನೆಟ್ ಸೆಂಟರಿನಲ್ಲಿ ಅಭಿಮಾನಿಗಳ ಪುಟ ತೆರೆದರೆ ಅಲ್ಲೂ ಇದೇ. ಮೊದಲು ಬೈಗುಳ, ಆಮೇಲೆ ಒಬ್ಬೊಬ್ಬರಾಗಿ, ಒಬ್ಬರನ್ನೊಬ್ಬರು ನಂಬದೆ, ‘ಅದು ನಮ್ಮನೆಯವರು.’

ಒಂದು ಮಧ್ಯಾಹ್ನ ನಾನು ನಾಲ್ಕನೇ ಹಾಡನ್ನು ಅಂಗಡಿಯ ಹೊರಗಿನ ಸ್ಪೀಕರಿಗೆ ಹಾಕಿದೆ. ಪ್ರಯೋಗವೆಂದುಕೊಂಡೆ, ಎಂ.ಎ. ಓದುತ್ತಿದ್ದೆನಲ್ಲ. ಫುಟ್‌ಪಾತಿನಲ್ಲಿ ಏಳೆಂಟು ಜನರಿದ್ದರು. “ಹಾಲು ಇಳಿಸಿದ್ಯೇನೇ?” ಬಂದಾಗ ಅವರಲ್ಲಿ ಯಾರೂ ಅಂಗಡಿಯತ್ತ ತಿರುಗಲಿಲ್ಲ. ಹೆಚ್ಚಿನವರು ತಮ್ಮ ಬೆನ್ನ ಹಿಂದೆ ತಿರುಗಿ ನೋಡಿದರು. ಎಲ್ಲರೂ ಬೇರೆ ಬೇರೆ ದಿಕ್ಕಿಗೆ.

“ಅದನ್ನ ಆರ್ಸಿ ಕಣಮ್ಮ,” ಎಂದ ಲಿಂಗರಾಜಣ್ಣ. “ಜನ ನಿಂತ್ಬುಡ್ತಾರೆ.”

“ಅಣ್ಣ, ಇದರಲ್ಲಿ ಏನೂ ಇಲ್ಲ. ಮಾತು ಅಂಥಾದ್ದು. ಯಾರ ಮನೇಲಿ ಹಾಲು ಕಾಯಿಸಲ್ಲ? ಕೇಳಬೇಕು ಅಂತಿದ್ದವರಿಗೆ ಬೇಕಾದ ದನಿ ಕೇಳುತ್ತೆ.”

“ಓದಿರೋರು ನೀವು, ಅಂಗೇ ಹೇಳ್ತೀರ. ನಿಮಗೆ ಯಾರೂ ಕೇಳಿಸ್ಲಿಲ್ವಾ?”

ಇಲ್ಲ ಎಂದೆ. ಅದು ಸುಳ್ಳಲ್ಲ. ನನಗೆ ಕೇಳಬೇಕಾಗಿದ್ದ ದನಿ ಹೇಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ನನಗೆ ಮೂರು ವರ್ಷವಾಗಿದ್ದಾಗ ಅಮ್ಮ ತೀರಿಹೋದಳು. ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಊರಿಗೆ ಹೋದರು. ನನ್ನನ್ನು ಸಾಕಿದ್ದು ಅಮ್ಮನ ತಂಗಿ, ಗಿರಿಜ ಚಿಕ್ಕಮ್ಮ. ಅವಳು ಮದುವೆಯಾಗಲಿಲ್ಲ. ಸೀರೆಗಳಿಗೆ ಫಾಲ್ಸ್ ಹೊಲಿದು ನನ್ನನ್ನು ಓದಿಸಿದಳು. ಅಮ್ಮನದೆಂದು ನನ್ನ ಬಳಿ ಇದ್ದದ್ದು ಒಂದು ಫೋಟೋ. ದನಿಯ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಅಕ್ಕತಂಗಿಯರ ದನಿ ಒಂದೇ ಥರ ಇತ್ತಂತೆ. ಗೋಡೆಯಾಚೆಯಿಂದ ಕೂಗಿದರೆ ಯಾರು ಕೂಗಿದ್ದೆಂದು ವಠಾರದವರಿಗೆ ತಿಳಿಯುತ್ತಿರಲಿಲ್ಲವಂತೆ. ಇದನ್ನು ಹೇಳಿದವರು ವಠಾರದವರೇ, ಚಿಕ್ಕಮ್ಮನಲ್ಲ. ಅವಳು ಅಕ್ಕನ ಮಾತೆತ್ತುತ್ತಿರಲಿಲ್ಲ. ನಾನು ಕೇಳಿ ಅವಳನ್ನು ನೋಯಿಸಬಾರದೆಂದು ಚಿಕ್ಕಂದಿನಲ್ಲೇ ಕಲಿತಿದ್ದೆ. ಕಲಿತ ಮೇಲೂ ಆ ದನಿ ಬೇಕಾಗಿತ್ತು. ಆಟೋ ಡ್ರೈವರಿಗೆ ಸಿಕ್ಕಿದ್ದು ನನಗೇಕೆ ಸಿಗಬಾರದು ಎಂದು ಆ ದಿನಗಳಲ್ಲಿ ಹೊಟ್ಟೆಕಿಚ್ಚಾಗುತ್ತಿತ್ತು. ಈ ಹೊಟ್ಟೆಕಿಚ್ಚು ದಿನಚರಿಯಲ್ಲಿಲ್ಲ.

ಆ ಹೊತ್ತಿಗೆ ಯಾರೋ ಒಬ್ಬ ಸಿಟ್ಟಿನ ಅಭಿಮಾನಿ ಕ್ಯಾಸೆಟ್ಟಿನ ರೀಲನ್ನು ಎಳೆದು ಹೊಂಗೆ ಮರಕ್ಕೆ ಎಸೆದು ಹೋಗಿದ್ದ. ಕಂದು ಪಟ್ಟಿ ಕೊಂಬೆಕೊಂಬೆಗೂ ಸುತ್ತಿಕೊಂಡು ಗಾಳಿಗೆ ಗುಂಯ್ ಎನ್ನುತ್ತಿತ್ತು. ಗಾಳಿ ಜೋರಾದರೆ ಆ ಗುಂಯ್ ಏರಿ, ಏನೋ ಕೇಳಿದಂತೆ ಆಗಿ, ಇಳಿಯುತ್ತಿತ್ತು. ಕಾರ್ಪೊರೇಷನ್ನಿನವರು ಕೊಂಬೆ ಕಡಿಯಲು ಬಂದಾಗ ಲಿಂಗರಾಜಣ್ಣ ಈ ಒಂದು ಮರವನ್ನು ಬಿಡಿ ಎಂದ. ಏಕೆಂದು ನಾನು ಕೇಳಲಿಲ್ಲ.

ಅಂಥ ಒಂದು ದಿನ ಕ್ಯಾಸೆಟ್ಟನ್ನು ಮನೆಗೆ ತಂದೆ. ಆಗ ನಾವು ಕುಂಬಾರಕೊಪ್ಪಲಿನಲ್ಲಿದ್ದೆವು. ಒಂದು ಹಾಲ್, ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಂಗಡಿಗೆ ರಜೆಯಿದ್ದ ಭಾನುವಾರ, ಸಂಜೆ ನಾಲ್ಕು ಗಂಟೆ. ನನ್ನ ನೆನಪಿನಲ್ಲಿ ಕಿಟಕಿಯಿಂದ ಬಿಸಿಲು ಬಿದ್ದಿದೆ. ಚಿಕ್ಕಮ್ಮ ಹೊಸ್ತಿಲ ಹತ್ತಿರ ಬೆಳಕಿಗೆ ಕೂತು, ತಿಳಿಹಸಿರು ಸೀರೆಯೊಂದನ್ನು ತೊಡೆಯ ಮೇಲೆ ಹರಡಿಕೊಂಡು ಫಾಲ್ಸ್ ಹೊಲಿಯುತ್ತಿದ್ದಳು. ನಾನು ನಮ್ಮ ಹಳೆಯ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿ, ಬಟ್ಟೆ ಮಡಿಸುತ್ತ ಕೂತೆ. ಒಂದು, ಎರಡು, ಮೂರು ಹಾಡು ಆದವು. “ಏನೇ ಇದು, ಈವಯ್ಯ ಹಾಡ್ತಾನೋ ನರಳ್ತಾನೋ?” ಎಂದಳು. ನಾಲ್ಕನೆಯದು ಬಂತು. ಗಡಿಯಾರ, ನೀರು, ರೈಲು.

“ಹಾಲು ಇಳಿಸಿದ್ಯೇನೇ?”

“ಇಳ್ಸಿದೀನಿ ಕಣಕ್ಕಾ,” ಎಂದಳು ಚಿಕ್ಕಮ್ಮ.

ತಲೆ ಎತ್ತಲಿಲ್ಲ. ಸೂಜಿ ನಿಲ್ಲಲಿಲ್ಲ. ಇನ್ನೂ ಎರಡು ಮೂರು ಹೊಲಿಗೆ ಹಾಕಿದಳು. ಟೇಪು ಸುಮ್ಮನೆ ಸುತ್ತುತ್ತಿತ್ತು. ಆಮೇಲೆ ಅವಳ ಕೈ ನಿಂತಿತು. ಸೀರೆಯನ್ನು ಪಕ್ಕಕ್ಕಿಟ್ಟು ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಒಲೆಯ ಮೇಲೆ ಏನೂ ಇರಲಿಲ್ಲ. ಆ ಹೊತ್ತಿಗೆ ಮನೆಯಲ್ಲಿ ಹಾಲೇ ಇರಲಿಲ್ಲ.

“ಚಿಕ್ಕಮ್ಮ, ಯಾರಿಗೆ ಹೇಳಿದ್ದು?”

“ಯಾರಿಗೆ ಏನ್ ಹೇಳ್ದೆ?”

“ಈಗ ಹೇಳಿದ್ಯಲ್ಲ, ಅಕ್ಕಾ ಅಂತ. ಅದು ಅಮ್ಮನ ದನೀನಾ?”

“ಎಲ್ಲಾ ಮನೇಲೂ ಹಾಲು ಉಕ್ಕುತ್ತೆ ಪುಟ್ಟಿ, ಎಲ್ಲಾ ಮನೇಲೂ ಕೂಗ್ತಾರೆ. ಅದನ್ನ ಆರ್ಸು, ತಲೆ ಸಿಡೀತದೆ.”

ನಾನು ಲಿಂಗರಾಜಣ್ಣನಿಗೆ ಹೇಳಿದ್ದೂ ಇದೇ ಮಾತು. ಅವಳ ಬಾಯಲ್ಲಿ ಕೇಳಿದಾಗ ನಂಬಲಾಗಲಿಲ್ಲ. ಆ ದಿನದ ದಿನಚರಿಯಲ್ಲಿ ಇರುವುದು ಒಂದೇ ಸಾಲು: ‘ಮಳೆ. ಚಿಕ್ಕಮ್ಮನಿಗೆ ತಲೆನೋವು.’ ಅವಳು ಆ ದನಿಗೆ ಓಗೊಟ್ಟದ್ದನ್ನು ನಾನು ಬರೆದಿಲ್ಲ. ಬರೆದಿಲ್ಲವಾದ್ದರಿಂದ ಅದು ನಡೆಯಲೇ ಇಲ್ಲವೇ, ಅಥವಾ ನಡೆದದ್ದರಿಂದಲೇ ಬರೆಯಲಿಲ್ಲವೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಸೀನ ಅಂಗಡಿಗೆ ಬಂದದ್ದು ದಸರಾಕ್ಕೆ ಸ್ವಲ್ಪ ಮುಂಚೆ. ಅಭಿಮಾನಿಗಳಿಗೆ ಸಹಿ ಹಾಕಿಕೊಡಲು ಕಂಪನಿಯವರು ಕಳಿಸಿದ್ದರು. ಹಿಂದಿನ ವರ್ಷ ಇದೇ ಕೆಲಸಕ್ಕೆ ಪೊಲೀಸರು ಬೇಕಾಗಿತ್ತು. ಈ ಸಲ ಹತ್ತು ಜನ ಬಂದರು, ಅವರೂ ಗಲಾಟೆ ಮಾಡಲಿಲ್ಲ. ಒಬ್ಬೊಬ್ಬರಾಗಿ ಹತ್ತಿರ ಹೋಗಿ ಅವನ ಕಿವಿಯಲ್ಲಿ ಏನೋ ಹೇಳಿ, ಅವನು ತಲೆಯಾಡಿಸಿದ ಮೇಲೆ ಹೋದರು. ಸೀನ ಸಣಕಲು ಮನುಷ್ಯ, ನಿದ್ದೆಗೆಟ್ಟ ಕಣ್ಣು. ಎಲ್ಲರೂ ಹೋದ ಮೇಲೆ ಲಿಂಗರಾಜಣ್ಣ ಕಾಫಿ ತರಿಸಿ ಕೇಳಿಯೇಬಿಟ್ಟ.

“ಅಲ್ಲಪ್ಪ ಸೀನ, ಆ ಕೂಗೋ ಹೆಂಗಸು ನಿಮ್ಮವ್ವಾನಾ?”

“ನಮ್ಮವ್ವಂದು ಒಂದ್ ಮಾತೂ ಇಲ್ಲ ಕಣಣ್ಣ,” ಎಂದ ಸೀನ. “ನನ್ ದನಿ ನೂರು ಕಡೆ ರೆಕಾರ್ಡ್ ಆಗದೆ. ಅವ್ವಂದು ಎಲ್ಲೂ ಇಲ್ಲ. ರಫ್ ಹಾಡ್ಕೊಳಕೆ ಅಂತ ಗುಜರಿಯಿಂದ ಹಳೇ ಕ್ಯಾಸೆಟ್ ತಂದಿದ್ದೆ, ಕುಂಬಾರಕೊಪ್ಪಲಿಂದ, ಎರಡು ಮೂಟೆ. ಮೊದಲು ಏನಿದೆ ಅಂತ ಕೇಳ್ದೆ. ಎಲ್ಲಾ ರೇಡಿಯೋ ಹಾಡುಗಳು. ಆಗೆಲ್ಲ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ‘ಯಾರೂ ಮಾತಾಡ್ಬೇಡಿ’ ಅಂತ ಮನೆಯವರ ಬಾಯಿ ಮುಚ್ಸಿ ತುಂಬಿಸ್ಕೊಳೋರಲ್ಲ? ಬಾಯಿ ಮುಚ್ತಾರಾ? ಹಾಡಿನ ಮಧ್ಯೆ ಮಗು ಅಳ್ತದೆ, ಪಾತ್ರೆ ಬೀಳ್ತದೆ. ಹಾಡು ತೆಗೆದಾಕಿ ಮಿಕ್ಕಿದ್ದು ಇಟ್ಕೊಂಡೆ. ನನಗೆ ಇಲ್ದಿದ್ ಮನೇನ ಅವರಿವರ ಮನೆಯಿಂದ ಕಟ್ಕೊಂಡೆ.”

ನನ್ನ ಕೈಯಲ್ಲಿದ್ದ ಲೋಟ ಬಿಸಿಯಾಗಿತ್ತೆಂದು ನೆನಪು. “ಆ ಹಾಲಿನ ಮಾತಿದ್ದ ಕ್ಯಾಸೆಟ್ ಈಗ ಎಲ್ಲಿದೆ?” ಎಂದು ಕೇಳಿದೆ.

“ಅದರ ಮೇಲೇ ಆಮೇಲೆ ಹಾಡ್ದೆ ಕಣ್ರೀ. ಅಳ್ಸೋಯ್ತು. ಯಾಕೆ, ನಿಮ್ಮವರಾ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದೋರು ನೀವೊಬ್ರೇ. ಮಿಕ್ಕೋರೆಲ್ಲ ನಮ್ಮವರೇ ಅಂತಾರೆ, ನಾನೂ ಹೂಂ ಅಂತೀನಿ.” ಕಾಫಿ ಕುಡಿದು ಮುಗಿಸಿ, ಏನೋ ತಪ್ಪೊಪ್ಪಿಕೊಳ್ಳುವವನ ಹಾಗೆ ಹೇಳಿದ, “ನಿಜ ಹೇಳ್ಬೇಕಂದ್ರೆ ಅದಕ್ಕೆ ಉತ್ತರಾನೂ ಇತ್ತು. ನಾನೇ ತೆಗೆದೆ. ‘ಇಳ್ಸಿದೀನಿ ಕಣಕ್ಕಾ’ ಅಂತ. ಅದೂ ಅದೇ ದನಿ ಇದ್ದಂಗಿತ್ತು. ಒಬ್ಳೇ ಕೂಗಿ ಒಬ್ಳೇ ಓ ಅಂದಂಗೆ. ಕೇಳ್ತಾ ಕೇಳ್ತಾ ಭಯ ಆಗೋಯ್ತು.”

ಇದು ಮಾತ್ರ ದಿನಚರಿಯಲ್ಲಿದೆ. ಆದರೆ ಬೇರೆ ಬಣ್ಣದ ಇಂಕಿನಲ್ಲಿ, ಪುಟದ ಅಂಚಿನಲ್ಲಿದೆ. ಅವನು ನಿಜಕ್ಕೂ ‘ಕಣಕ್ಕಾ’ ಎಂದನೋ, ಆ ಒಂದು ಶಬ್ದವನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ಲಿಂಗರಾಜಣ್ಣನನ್ನು ಕೇಳಬಹುದಿತ್ತು. ಕೇಳುವಷ್ಟರಲ್ಲಿ ಅಂಗಡಿ ಮುಚ್ಚಿ ಅವನು ನಂಜನಗೂಡಿನ ಕಡೆ ಹೋಗಿದ್ದ. ಸೀನ ಮುಂದಿನ ವರ್ಷ ಮತ್ತೆ ಉಸಿರು ಬಿಡದ ಹಾಡುಗಳಿಗೆ ಮರಳಿದ, ಅಭಿಮಾನಿಗಳೂ ಅವನಿಗೆ ಮರಳಿದರು. ‘ನಡುಮನೆ’ಯ ಮಾತನ್ನು ಯಾರೂ ಎತ್ತದಾದರು, ಸಾವಿನ ಮನೆಯ ಊಟದ ರುಚಿಯ ಬಗ್ಗೆ ಮಾತಾಡದ ಹಾಗೆ.

ಸೀನ ಅಂಗಡಿಗೆ ಬಂದಿದ್ದ ಆ ಸಂಜೆ ಸೈಕಲ್ಲು ತುಳಿಯುತ್ತ ಮನೆಗೆ ಬರುವಾಗ ನನಗೆ ಒಂದು ಬೇಸಿಗೆ ನೆನಪಾಯಿತು. ನಾನು ಹೈಸ್ಕೂಲಿನಲ್ಲಿದ್ದೆ. ಚಾಮರಾಜಪುರಂನ ವಠಾರ ಬಿಟ್ಟು ಕುಂಬಾರಕೊಪ್ಪಲಿಗೆ ಬಂದ ಹೊಸತು. ಸಾಮಾನು ಜಾಸ್ತಿಯಾಯಿತೆಂದು ಚಿಕ್ಕಮ್ಮ ಗುಜರಿಯವನನ್ನು ಕರೆದಳು. ಹಳೇ ಪೇಪರು, ತೂತು ಬಿದ್ದ ಕೊಳದಪ್ಪಲೆ, ಒಂದು ಅಕ್ಕಿ ಚೀಲದ ತುಂಬ ಕ್ಯಾಸೆಟ್ಟು. ಅಮ್ಮನಿಗೆ ರೇಡಿಯೋ ಹಾಡು ತುಂಬಿಸುವ ಹುಚ್ಚಿತ್ತು, ಹಾಡು ಬರುವಾಗ ವಠಾರದ ಮಕ್ಕಳನ್ನೆಲ್ಲ ಗದರುತ್ತಿದ್ದಳು ಎಂದು ವಠಾರದ ಪಕ್ಕದ ಮನೆಯವರು ಹೇಳಿದ್ದು ಅವನ್ನು ಗುಜರಿಗೆ ಹಾಕಿ ಎಷ್ಟೋ ವರ್ಷಗಳ ಮೇಲೆ. “ಎಲ್ಲಾ ರೀಲು ಸುತ್ಕೊಂಡು ಹಾಳಾಗವೆ,” ಎಂದಿದ್ದಳು ಚಿಕ್ಕಮ್ಮ ಆವತ್ತು. ಟೇಪ್ ರೆಕಾರ್ಡರನ್ನು ಮಾತ್ರ ಕೊಡಲಿಲ್ಲ.

ಅದರ ಹಿಂದಿನ ದಿನ ನಾನು ಸ್ಕೂಲಿನಿಂದ ಬಂದಾಗ ಅವಳು ಒಳಕೋಣೆಯಲ್ಲಿ ಚೀಲದ ಪಕ್ಕ ಕೂತಿದ್ದಳು, ಮಡಿಲಲ್ಲಿ ಟೇಪ್ ರೆಕಾರ್ಡರಿತ್ತು, ಎಂದು ನನಗೊಂದು ಚಿತ್ರವಿದೆ. ಅದರಲ್ಲಿ ಸದ್ದಿಲ್ಲ. ಈ ಚಿತ್ರ ಮೊದಲಿನಿಂದ ಇತ್ತೇ, ಸೀನನ ಮಾತು ಕೇಳಿದ ಮೇಲೆ ನಾನು ಬರೆದುಕೊಂಡದ್ದೇ, ಗೊತ್ತಿಲ್ಲ. ಬೇಸಿಗೆ ರಜೆಯಲ್ಲಿ ನಾನು ಸ್ಕೂಲಿಗೆ ಹೋಗಿದ್ದಾದರೂ ಏಕೆ?

ಸೀನನ ಮಾತು ಕೇಳಿ ಬಂದ ಆ ರಾತ್ರಿ, ಊಟಕ್ಕೆ ಮೊದಲು, ಚಿಕ್ಕಮ್ಮ ಚಪಾತಿ ಹಿಟ್ಟು ಕಲಸುತ್ತಿದ್ದಾಗ, ಕೇಳಿದೆ. ಅವಳ ಕೈ ಹಿಟ್ಟಿನಲ್ಲೇ ನಿಂತಿತು. “ನೀರು ಜಾಸ್ತಿ ಆಯ್ತು, ಒಂಚೂರು ಹಿಟ್ಟು ಹಾಕು,” ಎಂದಳು. ಹಾಕಿದೆ. ಅವಳು ನನ್ನನ್ನು ಎದೆಗವಚಿಕೊಂಡು ಬೆಳೆಸಿದವಳು. ನನಗೆ ಜ್ವರ ಬಂದ ರಾತ್ರಿಗಳಲ್ಲಿ ನಾನು ‘ಅಮ್ಮ’ ಎಂದಾಗ ತಡಮಾಡದೆ ‘ಓ’ ಎಂದವಳು. ಅವಳು ಏನು ಹೇಳಿದರೂ ನಾನು ಒಪ್ಪುತ್ತಿದ್ದೆ. ಹೌದೆಂದರೂ, ಇಲ್ಲವೆಂದರೂ. ಈಗ ಅವಳಿಗೆ ಕಿವಿ ಸ್ವಲ್ಪ ಮಂದ. ನಡುವೆ ಇನ್ನೊಮ್ಮೆ ಕೇಳಿದ್ದೇನೆ, ಆಗ ಅವಳು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಕೇಳಿಸಲಿಲ್ಲವೆಂದು ನಾನು ಅಂದುಕೊಳ್ಳಬಹುದು. ನಾನು ಕೇಳಿದ್ದು ಇಷ್ಟೇ:

“ಚಿಕ್ಕಮ್ಮ, ಆ ಕ್ಯಾಸೆಟ್‌ಗಳ್ನ ಗುಜರಿಯವನಿಗೆ ಕೊಡೋಕ್ಮುಂಚೆ ನೀನು ಹಾಕಿ ಕೇಳಿದ್ಯಾ?”